ಕರಿಯ ಮೈತುಂಬಿಕೊಂಡ ಋಣ

ನಮ್ಮ ನಾಯಿ ಕರಿಯ ಕಳೆದ ಶನಿವಾರ 15.4 ಕಿಲೋ ತೂಗಿದ. ಐದು ತಿಂಗಳ ಹಿಂದೆ, ಕರುಳಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದ ದಿನ ಅವನ ತೂಕ 12 ಕಿಲೋ ಇತ್ತು. ಬೆನ್ನಿನ ಮೂಳೆಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಮರಳಿ ಬಂದ ಈ 3.4 ಕಿಲೋದಲ್ಲಿ ಹಲವರ ಪಾಲಿರುವುದರಿಂದ ಸುಮ್ಮನಿರುವುದು ಸರಿಯಲ್ಲವೆನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಶಸ್ತ್ರಚಿಕಿತ್ಸೆ ಮಾಡಿದ ಪಶುವೈದ್ಯೆಗೆ. ಕರಿಯ ನುಂಗಿದ್ದು ಬಟ್ಟೆಯ ಉದ್ದನೆಯ ಪಟ್ಟಿಯನ್ನು. ಇಂಥದರ ಒಂದು ತುದಿ ಜಠರದಲ್ಲಿ ಸಿಕ್ಕಿಕೊಂಡರೆ, ಉಳಿದದ್ದನ್ನು ಮುಂದಕ್ಕೆ ತಳ್ಳಲು ಹೆಣಗುವ ಕರುಳು ನೆರಿಗೆ ನೆರಿಗೆಯಾಗಿ ಮುದುಡಿ, ಕೊನೆಗೆ ಆ ಬಟ್ಟೆಯೇ ಅದನ್ನು ಒಳಗಿನಿಂದ ಕೊಯ್ಯತೊಡಗುತ್ತದೆ. ಹಾಳಾದ ಭಾಗವನ್ನು, ಸಣ್ಣ ಕರುಳಿನ ಕೊನೆಯ ತುಂಡೂ ಸೇರಿದಂತೆ, ಕತ್ತರಿಸಿ ತೆಗೆದು ಉಳಿದ ತುದಿಗಳನ್ನು ಹೊಲಿದು ಜೋಡಿಸಿದ ಅವರು, ಮೂರರಿಂದ ಐದನೆಯ ದಿನದೊಳಗೆ ಹೊಲಿಗೆ ಸೋರುವ ಭಯ ಹೆಚ್ಚು, ಅದು ದಾಟಲಿ ಎಂದಷ್ಟೇ ಹೇಳಿದರು. ಸುಳ್ಳು ಧೈರ್ಯ ತುಂಬದಿದ್ದುದಕ್ಕೂ ನಾನು ಅವರಿಗೆ ಋಣಿ.

ಹೊಲಿಗೆ ಹಾಕಿದ ಕರುಳನ್ನು ಕೆಲವು ದಿನ ಖಾಲಿ ಬಿಡಬೇಕೆಂದು ನಾನು ತಿಳಿದಿದ್ದೆ. ಆ ತಪ್ಪು ತಿಳಿವಳಿಕೆಯನ್ನು ತಿದ್ದಿದವರು ಆಸ್ಪತ್ರೆಯ ಶುಶ್ರೂಷಕಿ. ಕರುಳಿನ ಒಳಪದರ ತನ್ನ ಪೋಷಣೆಯ ಬಹುಪಾಲನ್ನು ರಕ್ತಕ್ಕಿಂತ ಹೆಚ್ಚಾಗಿ ತನ್ನೊಳಗೆ ಹಾದುಹೋಗುವ ಆಹಾರದಿಂದಲೇ ಪಡೆಯುತ್ತದೆ ಎಂದು ವಿವರಿಸಿ, 24 ಗಂಟೆ ತುಂಬುವ ಮೊದಲೇ ನೆಲದ ಮೇಲೆ ಕುಳಿತು, ಬೆಚ್ಚಗೆ ಮಾಡಿದ ಮೆತ್ತನೆಯ ಆಹಾರವನ್ನು ಬೆರಳ ತುದಿಯಿಂದ ಅವನ ನಾಲಿಗೆಗೆ ಸವರಿದರು. ಎರಡು ಸಲ ಮುಖ ತಿರುಗಿಸಿದ ಕರಿಯ ಮೂರನೆಯ ಸಲ ನೆಕ್ಕಿದ. ಆ ಕ್ಷಣವನ್ನು ನಾನು ಮರೆಯಲಾರೆ.

ಇನ್ನು ನನ್ನ ತಪ್ಪಿನ ವಿಷಯ. ಮನೆಗೆ ಬಂದ ವಾರದಲ್ಲೇ, ಅವನ ಪಕ್ಕೆಲುಬುಗಳನ್ನು ನೋಡಲಾರದೆ, ಹೇಳಿದ್ದಕ್ಕಿಂತ ಎರಡರಷ್ಟು ಬಡಿಸಿದೆ. ಮೇಲಿಷ್ಟು ಬೆಣ್ಣೆಯನ್ನೂ ಸೇರಿಸಿದೆ. ಮಮತೆಯೇ ಹಾಗೆ, ಲೆಕ್ಕ ಕೇಳುವುದಿಲ್ಲ. ಮೂರು ದಿನ ಭೇದಿಯಾಗಿ, ಇದ್ದ ತೂಕದಲ್ಲೂ 300 ಗ್ರಾಂ ಇಳಿಯಿತು. ವೈದ್ಯೆ ಗದರಲಿಲ್ಲ, ಕಾಗದ ತೆಗೆದುಕೊಂಡು ಲೆಕ್ಕ ಬರೆದರು: ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿದರೆ, ವಿಶ್ರಾಂತಿಯಲ್ಲಿರುವ ನಾಯಿಗೆ ದಿನಕ್ಕೆ ಬೇಕಾಗುವ ಕಿಲೋಕ್ಯಾಲೊರಿ ಸುಮಾರಾಗಿ ಸಿಗುತ್ತದೆ, 12 ಕಿಲೋಗೆ 430. ಅದರ ಮೂರನೆಯ ಒಂದು ಪಾಲಿನಿಂದ ಮತ್ತೆ ಆರಂಭಿಸಿ, ಮಲ ಗಟ್ಟಿಯಾಗಿರುವವರೆಗೆ ಮಾತ್ರ ಏರಿಸುತ್ತ ಹೋಗಬೇಕು, ಒಂದು ದಿನದ್ದನ್ನು ಆರು ಸಲಕ್ಕೆ ಹಂಚಬೇಕು, ಕೊಬ್ಬನ್ನು ಕೊನೆಗೆ ನೋಡೋಣ ಎಂದರು. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಉಣಿಸಿದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಕುಸಿದು ಜೀವಕ್ಕೇ ಅಪಾಯವಾಗಬಹುದೆಂದು ನನಗೆ ತಿಳಿದದ್ದೂ ಆಗಲೇ. ಬಿ12 ಜೀವಸತ್ವವನ್ನು ಹೀರಿಕೊಳ್ಳುವ ಭಾಗವೇ ಕಡಿಮೆಯಾಗಿದ್ದರಿಂದ ಆರು ವಾರ ವಾರಕ್ಕೊಂದು ಚುಚ್ಚುಮದ್ದನ್ನೂ ಕೊಟ್ಟರು.

ಆರು ಹೊತ್ತಿನ ಊಟ ಬರೆಯಲು ಸುಲಭ. ನಾನು ಕೆಲಸಕ್ಕೆ ಹೋದ ಮೇಲೆ ನಡುವಿನ ಎರಡು ಹೊತ್ತನ್ನು ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಉಣಿಸಿದವರು ಪಕ್ಕದ ಮನೆಯ ಅಜ್ಜಿ. ನಾಯಿಯೆಂದರೆ ಮಾರು ದೂರ ನಿಲ್ಲುತ್ತಿದ್ದ ಅವರು, ತಟ್ಟೆಯಲ್ಲಿ ಎಷ್ಟು ಉಳಿಯಿತು, ಮಲ ಹೇಗಿತ್ತು ಎಂಬುದನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದರು. ಅಜ್ಜೀ, ಆ ಹಾಳೆಗಳನ್ನು ನಾನು ಎಸೆದಿಲ್ಲ.

ಮೊದಲ ಮೂರು ವಾರ ತೂಕ ಕದಲಲೇ ಇಲ್ಲ. ಉಳಿದ ಕರುಳು ತನ್ನ ಒಳಪದರವನ್ನು ಹಿಗ್ಗಿಸಿಕೊಂಡು ಹೊಸ ಹೊಣೆಗೆ ಹೊಂದಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು ಎಂದು ಗೊತ್ತಿದ್ದರೂ ಪ್ರತಿ ಶನಿವಾರ ನನ್ನ ಮುಖ ಬಾಡುತ್ತಿತ್ತು. ಆಸ್ಪತ್ರೆಯ ಮುಂಭಾಗದಲ್ಲಿ ಕೂರುವ ಹುಡುಗ ಒಮ್ಮೆಯೂ ಬೇಸರಿಸದೆ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, "ಇಳಿದಿಲ್ಲವಲ್ಲ ಸಾರ್, ಅದೇ ಲಾಭ" ಎನ್ನುತ್ತಿದ್ದ. ನಾಲ್ಕನೆಯ ವಾರ 150 ಗ್ರಾಂ ಏರಿದಾಗ ನನಗಿಂತ ಮೊದಲು ಕೂಗಿದವನೂ ಅವನೇ.

ಈಗ ಮೈ ಸವರಿದರೆ ಪಕ್ಕೆಲುಬುಗಳು ಕೈಗೆ ಸಿಗುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಹಳೆಯ 16 ಕಿಲೋ ತಲುಪಲೇಬೇಕೆಂಬ ಹಟ ಬೇಡ ಎಂದು ವೈದ್ಯೆ ಹೇಳಿದ್ದಾರೆ, ತಪಾಸಣೆಯನ್ನು ತಿಂಗಳಿಗೊಮ್ಮೆಗೆ ಇಳಿಸಿದ್ದಾರೆ. ಕರಿಯನಿಗೆ ಮಾತ್ರ ಇದು ಇನ್ನೂ ತಿಳಿದಿಲ್ಲ. ಶನಿವಾರ ಬೆಳಿಗ್ಗೆ ಬಾಗಿಲ ಬಳಿ ಹೋಗಿ ನಿಂತಿದ್ದ.