ಬಿಎಸ್ಸಿ ಮುಗಿಸಿ ಮನೆಯಲ್ಲಿ ಕೂತ ಗೆಳೆಯನಿಗೆ

ಹಾಸನ, ಭಾನುವಾರ

ಗೆಳೆಯಾ,

ಮೊನ್ನೆ ನೀನು ಫೋನ್ ಮಾಡಿದಾಗ ನನ್ನ ಶಿಫ್ಟ್ ಶುರುವಾಗುತ್ತಿತ್ತು. ಅರ್ಧಕ್ಕೇ ಇಟ್ಟುಬಿಟ್ಟೆ, ಬೇಜಾರು ಮಾಡ್ಕೋಬೇಡ. "ಬಿಎಸ್ಸಿ ಮಾಡಿದ್ದೇ ದಂಡ" ಅಂದೆಯಲ್ಲ, ಎರಡು ವರ್ಷದ ಹಿಂದೆ ನಾನೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಮದುವೆಮನೆಗಳಲ್ಲಿ "ಮುಂದೇನಪ್ಪಾ?" ಅನ್ನುವವರ ಕಣ್ಣು ತಪ್ಪಿಸಿ ಕೊನೇ ಪಂಕ್ತಿಗೆ ಕೂರುತ್ತಿದ್ದೆ.

ನನ್ನ ಮೊದಲ ಇಂಟರ್‌ವ್ಯೂ ಕತೆ ನಿನಗೆ ಹೇಳಿರಲಿಲ್ಲ. ನಾಚಿಕೆಯಾಗಿತ್ತು. ಒಂದು ಔಷಧಿ ಕಂಪನಿ. "ಡೆಸಿನಾರ್ಮಲ್ (0.1 ನಾರ್ಮಲ್) ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಲೀಟರಿಗೆ ಎಷ್ಟು ಗ್ರಾಂ?" ಅಂದರು. 4 ಗ್ರಾಂ ಅಂತ ಪಟ್ಟನೆ ಹೇಳಿದೆ. "ಸರಿ, ಮಾಡಿ ತೋರಿಸಿ" ಅಂದರು. ಅಲ್ಲಿ ಸಿಕ್ಕಿಬಿದ್ದೆ. ತಕ್ಕಡಿಯನ್ನು ಸೊನ್ನೆಗೆ ತರುವುದನ್ನೇ ಮರೆತೆ, ಫ್ಲಾಸ್ಕಿನ ಗೆರೆ ದಾಟಿಸಿ ನೀರು ಸುರಿದೆ. ಕಾಲೇಜಿನಲ್ಲಿ ದ್ರಾವಣ ಅಳೆಯುವ ಬ್ಯುರೆಟ್ ನಾಲ್ಕು ಜನಕ್ಕೊಂದು. ರೀಡಿಂಗ್ ತೆಗೆಯುವವನು ಒಬ್ಬ, ಅವನದನ್ನು ನೋಡಿ ರೆಕಾರ್ಡ್ ಬರೆಯುವವರು ಮೂವರು. ಆ ಮೂವರಲ್ಲಿ ನಾವಿಬ್ಬರೂ ಇದ್ದೆವು ಅಲ್ವಾ?

ಈಗ ಒಂದು ಹಾಲಿನ ಪ್ಲಾಂಟಿನ ಲ್ಯಾಬಿನಲ್ಲಿದ್ದೇನೆ. ನಿಮ್ಮಮ್ಮ ಡೈರಿಗೆ ಹಾಲು ಹಾಕಿ ಬಂದು "ಇವತ್ತೂ ಫ್ಯಾಟ್ ಕಮ್ಮಿ" ಅಂತ ಗೊಣಗುತ್ತಾರಲ್ಲ, ಆ ಫ್ಯಾಟ್ ನೋಡುವುದೇ ನನ್ನ ಕೆಲಸ. ಸೊಸೈಟಿಯಲ್ಲಿ ಯಂತ್ರ ಹೇಳುತ್ತದೆ, ನಮ್ಮಲ್ಲಿ ಗರ್ಬರ್ ವಿಧಾನದಲ್ಲಿ ಕೈಯಾರೆ ನೋಡುತ್ತೇವೆ. ಬ್ಯುಟೈರೋಮೀಟರ್ ಅನ್ನುವ ಗಾಜಿನ ಕೊಳವೆಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಅಲುಗಿಸಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಬಟ್ಟೆ ಸುತ್ತಿಯೇ ಹಿಡಿಯಬೇಕು. ಬಿಳೀ ಹಾಲು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸಿ ತೆಗೆದರೆ ಆ ಕಪ್ಪಿನ ಮೇಲೆ ಹೊಂಬಣ್ಣದ ಪಟ್ಟಿಯೊಂದು ನಿಂತಿರುತ್ತದೆ. ಅದೇ ಕೊಬ್ಬು. ಸಂಬಳ ಜಾಸ್ತಿ ಏನಿಲ್ಲ ಮಾರಾಯ, ರೂಮಿನ ಬಾಡಿಗೆ ಕಳೆದು ಮನೆಗೊಂದಿಷ್ಟು ಕಳಿಸಬಹುದು ಅಷ್ಟೇ. ಆದರೆ ಈಗ ಪಿಪೆಟ್ ಹಿಡಿದರೆ ಕೈ ನಡುಗುವುದಿಲ್ಲ.

ನಿನ್ನ ವಿಷಯಕ್ಕೆ ಬರುತ್ತೇನೆ. ನೀನು ಕಾಫಿ ಗಿಡಗಳ ನಡುವೆ ಬೆಳೆದವನು, ಓದಿದ್ದು ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ). ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ, ನಾವು ಒಂದು ದಿನವೂ ಆ ಕಡೆ ತಲೆ ಹಾಕಲಿಲ್ಲ. ಕಾಫಿ ಬೋರ್ಡಿನವರು ಕಾಫಿ ಗುಣಮಟ್ಟದ ಬಗ್ಗೆ ಒಂದು ವರ್ಷದ ಪಿಜಿ ಡಿಪ್ಲೊಮಾ ನಡೆಸುತ್ತಾರೆ. ಬಾಟನಿ, ಜುವಾಲಜಿ, ಕೆಮಿಸ್ಟ್ರಿ ಓದಿದವರು ಅರ್ಜಿ ಹಾಕಬಹುದು. ಮಾರ್ಕ್ಸ್, ಇಂಟರ್‌ವ್ಯೂ ಜೊತೆಗೆ ನಾಲಿಗೆ, ಮೂಗಿಗೂ ಪರೀಕ್ಷೆ ಇರುತ್ತದೆ. ಕಾಫಿಯನ್ನು ಚಮಚದಿಂದ ಸೊರ್ ಅಂತ ಹೀರಿ ರುಚಿ ನೋಡುವುದೇ ಅಲ್ಲಿನ ಪಾಠ. ಹಾಗೆ ಹೀರಿದ್ದಕ್ಕೆ ನಿಮ್ಮಜ್ಜನ ಹತ್ತಿರ ಎಷ್ಟು ಬೈಸಿಕೊಂಡಿಲ್ಲ ನೀನು! ಫೀಸು ಮಾತ್ರ ಸಣ್ಣದಲ್ಲ, ಅಪ್ಪನನ್ನು ಕೇಳುವ ಮೊದಲು ಸಾಲದ ಲೆಕ್ಕ ಹಾಕಿಕೋ.

ಬಿಎಡ್ ಅಂದರೆ ಎರಡು ವರ್ಷ, ಆಮೇಲೆ ಟಿಇಟಿ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ. ಮಕ್ಕಳ ಮುಂದೆ ನಿಲ್ಲುವ ಆಸೆ ಇದ್ದರೆ ಮಾಡು, ಬೇರೇನೂ ತೋಚದೆ ಮಾಡಬೇಡ. ಫುಡ್ ಸೇಫ್ಟಿ ಆಫೀಸರ್ ಆಗಲು ಕೆಮಿಸ್ಟ್ರಿಯವರಿಗೆ ಎಂಎಸ್ಸಿಯೇ ಬೇಕು, ಮೈಕ್ರೋಬಯಾಲಜಿಯವರಿಗೆ ಡಿಗ್ರಿ ಸಾಕು. ಅಡ್ಮಿಷನ್ ದಿನ ಇದನ್ನು ಯಾರಾದರೂ ಹೇಳಿದ್ದರೆ! ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇಲ್ಲೇ ಹಾಸನದಲ್ಲಿದೆ ಅಂತ ನಿಮ್ಮ ಮಾವ ಹೇಳುತ್ತಲೇ ಇರುತ್ತಾರೆ, ನಮ್ಮ ಸಬ್ಜೆಕ್ಟಿಗೆ ಅದು ದೂರದ ಮಾತು.

ಕೆಲಸ ಕೊಡಿಸ್ತೀನಿ ಅನ್ನುವ ಆ ಬೆಂಗಳೂರಿನ ಏಜೆಂಟಿಗೆ ಒಂದು ರೂಪಾಯಿಯೂ ಕೊಡಬೇಡ. ಬಯೋಡೇಟಾದಲ್ಲಿ "ಹಾರ್ಡ್ ವರ್ಕಿಂಗ್" ಅಂತ ಸುಮ್ನೆ ತುಂಬಿದ್ದೀಯಲ್ಲ, ಅದನ್ನು ತೆಗೆದು ಯಾವ್ಯಾವ ಉಪಕರಣ ಬಳಸಲು ಬರುತ್ತದೆ ಅಂತ ಬರೆ. ಬರುವುದಿಲ್ಲ ಅಂದರೆ ಗುರುವಾರ ಬೆಳಗಿನ ಬೇಲೂರು ಬಸ್ಸು ಹತ್ತಿ ಇಲ್ಲಿಗೆ ಬಾ. ನಮ್ಮ ಸಾಹೇಬರನ್ನು ಕೇಳಿದ್ದೇನೆ, ಲ್ಯಾಬಿನೊಳಗೆ ಬಿಡುತ್ತಾರೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ. ನಿಮ್ಮನೆ ಹಸುವಿನ ಹಾಲು ಅರ್ಧ ಲೀಟರ್ ತಾ. ಫ್ಯಾಟ್ ಎಷ್ಟಿದೆ ಅಂತ ನಿನ್ನ ಕೈಯಾರೆ ತೆಗೆದು ಅಮ್ಮನಿಗೆ ಫೋನ್ ಮಾಡಿ ಹೇಳುವೆಯಂತೆ.

ನಿನ್ನವ