ಲೆಕ್ಕ ಮತ್ತೆ ಮೊದಲಿನಿಂದ

ಅಮೆರಿಕ, ಅಕ್ಟೋಬರ್ 2025

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ಮೊನ್ನೆ ಫೋನಿನಲ್ಲಿ 'ರಕ್ತ ಕೊಡಲು ಬಿಡಲಿಲ್ಲ' ಎಂದಷ್ಟೇ ಹೇಳಿ ತಪ್ಪು ಮಾಡಿದೆ. ಅಮ್ಮಾ, ನೀನು ನನಗೇನೋ ಕಾಯಿಲೆ ಎಂದುಕೊಂಡೆ. ಅಪ್ಪಾ, ನೀವು 'ನಮ್ಮ ರಕ್ತ ಅವರಿಗೆ ಬೇಡವಾಯಿತೇ' ಎಂದು ಸಿಡುಕಿದಿರಿ. ಅದಕ್ಕೇ ಈ ಪತ್ರ.

ಕಚೇರಿಯ ಕೆಳಮಹಡಿಯಲ್ಲಿ ಶಿಬಿರವಿತ್ತು. ನರ್ಸ್ ಬೆರಳಿಗೆ ಚುಚ್ಚಿ ಒಂದು ಹನಿ ತೆಗೆದಳು. ಹಿಮೋಗ್ಲೋಬಿನ್ 13.2 ಬಂತು; ಇಲ್ಲಿ ಹೆಂಗಸರಿಗೆ 12.5 ಇದ್ದರೆ ಸಾಕು. ನಾನಾಗಲೇ ತೋಳು ಮಡಚಿಕೊಂಡು ಕುಳಿತಿದ್ದೆ. ಆಮೇಲೆ ಬಂತು ಪ್ರಶ್ನಾವಳಿ. 'ಕಳೆದ ಮೂರು ವರ್ಷಗಳಲ್ಲಿ ಅಮೆರಿಕ, ಕೆನಡಾ ಬಿಟ್ಟು ಬೇರೆಲ್ಲಿಗಾದರೂ ಹೋಗಿದ್ದೀರಾ?' ಕಳೆದ ವರ್ಷ ಮೇ ತಿಂಗಳಲ್ಲಿ ಅಕ್ಕನ ಮದುವೆಗೆ ಬಂದಿದ್ದೆನಲ್ಲ, ಅದನ್ನು ತುಂಬಿದೆ. ಆಕೆ ಲೆಕ್ಕ ಹಾಕಿ '2027ರ ಮೇ ನಂತರ ಬನ್ನಿ' ಎಂದಳು. ಬೆರಳಿಗೆ ಅಂಟಿಸಿದ ಪಟ್ಟಿಯೊಂದಿಗೆ ಲಿಫ್ಟ್ ಹತ್ತಿದೆ.

ಕಾರಣ ಮಲೇರಿಯಾ. ಆ ರೋಗವಿರುವ ದೇಶದಲ್ಲಿ ಐದು ವರ್ಷಕ್ಕಿಂತ ಹೆಚ್ಚು ನೆಲೆಸಿದ್ದವರು, ಅಲ್ಲಿಂದ ಹೊರಟು ಮೂರು ವರ್ಷ ಕಳೆಯುವವರೆಗೆ ಇಲ್ಲಿ ರಕ್ತ ಕೊಡುವಂತಿಲ್ಲ. ಇಲ್ಲೇ ಹುಟ್ಟಿ ಬೆಳೆದವರು ಅದೇ ಜಾಗಕ್ಕೆ ಪ್ರವಾಸ ಹೋಗಿ ಬಂದರೆ ಮೂರೇ ತಿಂಗಳು. ಈ ಭೇದ ಕಂಡು ನನಗೂ ಮೊದಲು ಚುರುಕ್ಕೆಂದಿತು. ಆದರೆ ಅದರ ಹಿನ್ನೆಲೆ ಕೇಳಿದರೆ ನೀವೂ ಒಪ್ಪುತ್ತೀರಿ. ಪದೇ ಪದೇ ಮಲೇರಿಯಾ ಕಂಡ ದೇಹ ಅದರೊಂದಿಗೆ ಏಗುವುದನ್ನು ಕಲಿತುಬಿಡುತ್ತದೆ. ರಕ್ತದಲ್ಲಿ ಪರಾವಲಂಬಿ ಉಳಿದಿದ್ದರೂ ಜ್ವರ ಬಾರದೆ ಇರಬಹುದು. ಪ್ರವಾಸಿಗನಿಗಾದರೆ ಹೆಚ್ಚಾಗಿ ಬೇಗನೆ ಚಳಿಜ್ವರ ಹಿಡಿದು ಗುಟ್ಟು ರಟ್ಟಾಗುತ್ತದೆ. ಅಂಥ ರಕ್ತವನ್ನು ಫ್ರಿಜ್ಜಿನಲ್ಲಿಟ್ಟರೂ ಪರಾವಲಂಬಿ ಸಾಯುವುದಿಲ್ಲ. ಸೊಳ್ಳೆಯ ಹಂಗೂ ಇಲ್ಲದೆ ನೇರವಾಗಿ ರೋಗಿಯ ಮೈಗಿಳಿಯುತ್ತದೆ. ಮಲೇರಿಯಾ ಅಪರೂಪವಾದ ಈ ಊರಿನಲ್ಲಿ ಆ ಜ್ವರ ಯಾವುದೆಂದು ವೈದ್ಯರಿಗೆ ಹೊಳೆಯುವುದೂ ತಡ.

ನಾನು ಇಲ್ಲಿಗೆ ಬಂದದ್ದು 2022ರ ಆಗಸ್ಟಿನಲ್ಲಿ. ಮದುವೆ ತಪ್ಪಿಸಿಕೊಂಡಿದ್ದರೆ ಈ ಆಗಸ್ಟಿಗೇ ಮೂರು ವರ್ಷ ತುಂಬುತ್ತಿತ್ತು. ತುಂಬುವ ಮೊದಲೇ ಊರಿಗೆ ಹೋಗಿ ಬಂದರೆ ಎಣಿಕೆ ಮತ್ತೆ ಮೊದಲಿನಿಂದ. ಒಮ್ಮೆ ತುಂಬಿಸಿಬಿಟ್ಟರೆ ಆಮೇಲಿನ ಪ್ರತಿ ಭೇಟಿಗೆ ನನಗೂ ಮೂರೇ ತಿಂಗಳು. ಪ್ರವಾಸಿಗರಿಗೂ ಮೊದಲು ಒಂದು ವರ್ಷವಿತ್ತಂತೆ; 2020ರಲ್ಲಿ ಕೋವಿಡ್‌ನಿಂದ ರಕ್ತದ ಕೊರತೆಯಾದಾಗ ಇಳಿಸಿದರು.

ಇಲ್ಲಿರುವ ಚಿಕ್ಕಪ್ಪನಿಗೆ ಹೇಳಿದರೆ ಜೋರಾಗಿ ನಕ್ಕರು. ಅವರು 1990ರ ದಶಕದ ಆರಂಭದಲ್ಲಿ ಎರಡು ವರ್ಷ ಇಂಗ್ಲೆಂಡಿನಲ್ಲಿ ಓದಿದವರಲ್ಲವೇ? 1980ರಿಂದ 1996ರ ನಡುವೆ ಬ್ರಿಟನ್ನಿನಲ್ಲಿ ಒಟ್ಟು ಮೂರು ತಿಂಗಳು ಇದ್ದವರ ರಕ್ತ ಇಲ್ಲಿ ಬೇಡವಾಗಿತ್ತು, ಹುಚ್ಚು ಹಸು ರೋಗದ ಭಯದಿಂದ. ಜನ್ಮದಲ್ಲಿ ಮಾಂಸ ಮುಟ್ಟದ ಮನುಷ್ಯ! ಆದರೆ ಏನು ತಿಂದಿರಿ ಎಂದು ಯಾರೂ ಕೇಳಲಿಲ್ಲ, ಎಷ್ಟು ದಿನ ಇದ್ದಿರಿ ಎಂದಷ್ಟೇ ಕೇಳಿದರು. 2022ರಲ್ಲಿ ಆ ನಿಯಮ ತೆಗೆದ ಮೇಲೆ ಹೋಗಿ ಕೊಟ್ಟು ಬಂದರಂತೆ.

ಅಪ್ಪಾ, 65 ತುಂಬಿತೆಂದು ರಕ್ತನಿಧಿಯವರು ಕೈ ಮುಗಿದು ಕಳುಹಿಸಿದಾಗ ನೀವು ವಾರವಿಡೀ ಮುಖ ಊದಿಸಿಕೊಂಡಿದ್ದಿರಿ. ಆಗ ನಾನು ನಗಬಾರದಿತ್ತು.

ಅಮ್ಮ ಜನವರಿಗೆ ಬಾ ಎನ್ನುತ್ತಿದ್ದಾಳೆ. ಬಂದು ಹೋದರೆ 2029ರ ಜನವರಿಯವರೆಗೆ ಕಾಯಬೇಕು. ಟಿಕೆಟ್ ನಿನ್ನೆಯೇ ತೆಗೆದಾಯಿತು.

ನಿಮ್ಮ ಮಗಳು