ಹದ್ದಿನ ಗೂಡು

ಸಂಚಿಕೆ ಅಚ್ಚಿಗೆ ಹೋಗಲು ಒಂದೇ ರಾತ್ರಿ ಉಳಿದಿದೆ. ರಾಜ್ಯೋತ್ಸವದ ಬಗ್ಗೆ ಬರೆಯಬೇಕೆಂದಿದ್ದೆ, ಆದರೆ ಕಳೆದ ಶನಿವಾರ ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನ ಮೆಟ್ಟಿಲೇರಿ ಸೆವೆಂತ್ ಅವೆನ್ಯೂಗೆ ಬಂದಾಗ, ಅಲ್ಲಿರುವ ಕಲ್ಲಿನ ಹದ್ದನ್ನು ಕಂಡು "ಅಮ್ಮಾ, ಇದರ ಗೂಡೆಲ್ಲಿ?" ಎಂದು ಮಗಳು ಕೇಳಿದ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಗೂಡು ಅಲ್ಲಿಯೇ ಇತ್ತು, ಹಳೆಯ ಪೆನ್ ಸ್ಟೇಷನ್ ಕಟ್ಟಡ. 1910ರವರೆಗೆ ಪೆನ್ಸಿಲ್ವೇನಿಯಾ ರೈಲು ಕಂಪನಿಯ ಗಾಡಿಗಳು ಜರ್ಸಿ ಸಿಟಿಯ ದಡದಲ್ಲೇ ನಿಲ್ಲುತ್ತಿದ್ದವು. ಪ್ರಯಾಣಿಕರು ಫೆರ್ರಿ ಹತ್ತಿ ಹಡ್ಸನ್ ನದಿ ದಾಟಬೇಕಿತ್ತು. ಕಂಪನಿಯ ಅಧ್ಯಕ್ಷ ಅಲೆಕ್ಸಾಂಡರ್ ಕಸಾಟ್ ನದಿಯಡಿ ಸುರಂಗ ಕೊರೆಯುವ ಕೆಲಸಕ್ಕೆ ಕೈಹಾಕಿದರು. ವಾಸ್ತುಶಿಲ್ಪಿ ಚಾರ್ಲ್ಸ್ ಮೆಕಿಮ್ ಪ್ರಾಚೀನ ರೋಮಿನ ಕ್ಯಾರಕಲ್ಲಾ ಸ್ನಾನಗೃಹಗಳನ್ನು ನೆನೆದು, ಗುಲಾಬಿ ಛಾಯೆಯ ಗ್ರಾನೈಟಿನಲ್ಲಿ 84 ಕಂಬಗಳ, 22 ಹದ್ದುಗಳ, ಸುಮಾರು 150 ಅಡಿ ಎತ್ತರದ ತಂಗುಕೋಣೆಯ ನಿಲ್ದಾಣವನ್ನು ರೂಪಿಸಿದರು. ಕಸಾಟ್ 1906ರಲ್ಲಿ, ಮೆಕಿಮ್ 1909ರಲ್ಲಿ ತೀರಿಕೊಂಡರು. ಅದರ ಬಾಗಿಲು ತೆರೆದದ್ದನ್ನು ಇಬ್ಬರೂ ಕಾಣಲಿಲ್ಲ.

ಕಾರು, ವಿಮಾನಗಳ ಕಾಲ ಬಂದು ನಷ್ಟಕ್ಕಿಳಿದ ಕಂಪನಿ ನಿಲ್ದಾಣದ ಮೇಲಿನ ಜಾಗದ ಹಕ್ಕನ್ನು ಮಾರಿತು. 1962ರಲ್ಲಿ ವಾಸ್ತುಶಿಲ್ಪಿಗಳು ಫಲಕ ಹಿಡಿದು ಬೀದಿಗಿಳಿದರೂ, 1963ರ ಅಕ್ಟೋಬರ್ 28ರಂದು ಕೆಡಹುವ ಕೆಲಸ ಶುರುವಾಯಿತು. ಮೊದಲ ದಿನವೇ ಕೆಳಗಿಳಿಸಿದ್ದು ಒಂದು ಹದ್ದನ್ನು. ಹಳಿಗಳು ನೆಲದಡಿ ಉಳಿದವು, ಮೇಲೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಒಳಾಂಗಣ ಕ್ರೀಡಾಂಗಣ ಎದ್ದಿತು. ಆ ಸಂಕಟದಿಂದಲೇ 1965ರಲ್ಲಿ ನಗರಕ್ಕೆ ಸ್ಮಾರಕ ರಕ್ಷಣೆಯ ಕಾನೂನು ಬಂತು. ನಗರದ ಇನ್ನೊಂದು ಹಳೆಯ ರೈಲು ನಿಲ್ದಾಣ ಗ್ರ್ಯಾಂಡ್ ಸೆಂಟ್ರಲ್ ಉಳಿದದ್ದು ಅದರಿಂದ.

ಮರಳುವಾಗ ಇದನ್ನೆಲ್ಲ ಮಗಳಿಗೆ ಹೇಳುತ್ತಾ ಬಂದೆ. ಅದೇ ಹಳೆಯ ಸುರಂಗದಿಂದ ರೈಲು ಹೊರಬಂದು ನ್ಯೂಜರ್ಸಿಯ ಸಿಕಾಕಸ್ ಊರಿನ ಜೌಗುನೆಲ ಕಂಡಾಗ, ಒಡೆದ ಕಂಬಗಳನ್ನು ತಂದು ಸುರಿದದ್ದು ಈ ಕಡೆಯಲ್ಲೇ ಎಂದೆ. ಅವಳು ಜೊಂಡಿನ ನಡುವೆ ಕಲ್ಲು ಹುಡುಕತೊಡಗಿದಳು. ವರ್ಷಗಟ್ಟಲೆ ದಿನಕ್ಕೆರಡು ಬಾರಿ ಇದೇ ದಾರಿಯಲ್ಲಿ ಓಡಾಡಿದ ನಾನು ಒಮ್ಮೆಯೂ ಹಾಗೆ ನೋಡಿರಲಿಲ್ಲ.

ರಾಜ್ಯೋತ್ಸವ ಸಮಾರಂಭದ ಮರುದಿನ, ಭಾನುವಾರ, ಕನ್ನಡ ಶಾಲೆಯ ಮಕ್ಕಳನ್ನು ಹದ್ದುಗಳ ಬಳಿಗೆ ಕರೆದೊಯ್ಯುತ್ತೇವೆ. ಜೊತೆಗೆ ಬರಲು ಹಿರಿಯರು ಬೇಕು. ನಾಟಕದ ತಾಲೀಮು ಎಂದಿನಂತೆ ಶುಕ್ರವಾರ ಸಂಜೆ. ಕರಡು ತಿದ್ದಲು ಈಗ ಇಬ್ಬರೇ ಇದ್ದೇವೆ, ದಯವಿಟ್ಟು ಯಾರಾದರೂ ಕೈಜೋಡಿಸಿ. 1963ಕ್ಕೆ ಮೊದಲೇ ಈ ನಾಡಿಗೆ ಬಂದು ಆ ತಂಗುಕೋಣೆಯಲ್ಲಿ ರೈಲಿಗೆ ಕಾದವರು ನಮ್ಮ ಹಿರಿಯರಲ್ಲಿ ಇದ್ದರೆ ಬರೆದು ಕಳಿಸಿ; ಬರೆಯಲು ಕಷ್ಟವಾದರೆ ತಿಳಿಸಿ, ನಾನೇ ಮನೆಗೆ ಬಂದು ಬರೆದುಕೊಳ್ಳುತ್ತೇನೆ.